ಹೊಸ ಕಾರು ಅಂಗಳಕ್ಕೆ ಬಂತು, ಇನ್ನು ಪರಿಚಯ ಮಾಡಿಕೊಳ್ಳಿ

ಕಾಸರಗೋಡು: ಅಡಿಕೆ ಮಾರಿದ ದುಡ್ಡೋ, ಗಲ್ಫಿನಿಂದ ಮಗ ಕಳಿಸಿದ ಹಣವೋ, ಬ್ಯಾಂಕಿನ ಸಾಲವೋ, ಅಂತೂ ಮನೆಗೊಂದು ಸಣ್ಣ ಕಾರು ಬಂದಿದೆ. ಮಧೂರಿನಲ್ಲಿ ಪೂಜೆಯಾಗಿದೆ. ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟು ಮುಂದೆ ಓಡಿಸಿದ್ದೂ ಆಗಿದೆ. ನೆರೆಕರೆಯವರೆಲ್ಲ ಬಂದು ನೋಡಿ, ಬಾಗಿಲು ತೆಗೆದು ಹಾಕಿ, ಮೈಲೇಜ್ ಎಷ್ಟು ಎಂದು ಕೇಳಿ ಹೋಗಿದ್ದಾರೆ. ಆದರೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗಿನ ದಪ್ಪ ಪುಸ್ತಕ ಮಾತ್ರ ಪ್ಲಾಸ್ಟಿಕ್ ಕವರಿನಲ್ಲೇ ಮಲಗಿದೆ. ಹೆಚ್ಚಿನ ಮನೆಗಳಲ್ಲಿ ಆ ಪುಸ್ತಕ ಹೊರಬರುವುದು ಕಾರು ದಾರಿಯಲ್ಲಿ ಕೈಕೊಟ್ಟ ದಿನ. ಆ ಹೊತ್ತಿಗೆ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಪುಸ್ತಕ ಇಂಗ್ಲಿಷಿನಲ್ಲಿದೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ, "ಡ್ರೈವಿಂಗ್ ಗೊತ್ತುಂಟಲ್ಲ, ಮತ್ತೇನು ಕಲಿಯಲಿಕ್ಕೆ?" ಎಂಬ ಧೈರ್ಯ. ಜೀಪು, ಅಂಬಾಸಿಡರ್, ಹಳೆಯ ಆಮ್ನಿ ಓಡಿಸಿ ಪಳಗಿದ ಕೈಗಳಿಗೆ ಈ ಧೈರ್ಯ ಸಹಜ. ಆದರೆ ಇಂದಿನ ಕಾರು ಆ ಕಾರುಗಳ ಹಾಗಲ್ಲ. ಅಂದು ಸರಿಯಾಗಿದ್ದ ಕೆಲವು ಅಭ್ಯಾಸಗಳು ಇಂದು ನಷ್ಟ, ಕೆಲವು ಅಪಾಯ. ಹೊಸ ಕಾರು ಏನು ಮಾಡುತ್ತದೆ, ಯಾಕೆ ಹಾಗೆ ಮಾಡುತ್ತದೆ ಎಂದು ಮೊದಲ ತಿಂಗಳಲ್ಲೇ ತಿಳಿದುಕೊಂಡರೆ ಮುಂದಿನ ಹತ್ತು ವರ್ಷ ನೆಮ್ಮದಿ.

ಸಣ್ಣ ಕಾರು ಎಂದರೆ ಯಾವುದು?

ಸರಕಾರದ ತೆರಿಗೆ ಲೆಕ್ಕದಲ್ಲಿ ಸಣ್ಣ ಕಾರಿಗೆ ಅಳತೆ ಇದೆ. ಉದ್ದ 4 ಮೀಟರ್ ಮೀರಬಾರದು. ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿರಬೇಕು. 2006ರಲ್ಲಿ ಈ ಅಳತೆಯ ಕಾರುಗಳಿಗೆ ಅಬಕಾರಿ ಸುಂಕ ಇಳಿಸಲಾಯಿತು. ಅಂದಿನಿಂದ ಕಂಪನಿಗಳು ಈ 4 ಮೀಟರಿನೊಳಗೇ ಕಾರು ಹೊಂದಿಸಲು ಸ್ಪರ್ಧೆಗೆ ಬಿದ್ದವು. 2025ರ ಸೆಪ್ಟೆಂಬರ್ 22ರಿಂದ ಇವುಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದು, ಮೇಲಿನ ಸೆಸ್ ಕೂಡ ಹೋಯಿತು. ಹಳ್ಳಿಯ ಅನೇಕ ಮನೆಗಳಿಗೆ ಮೊದಲ ಕಾರು ಬರಲು ಇದೂ ಒಂದು ಕಾರಣ.

ಉದಾಹರಣೆಗೆ ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಮಾರುತಿ ವ್ಯಾಗನ್ ಆರ್ ತೆಗೆದುಕೊಳ್ಳಬಹುದು. 1999ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದ ಈ ಕಾರಿನ ಮೂರನೇ ತಲೆಮಾರು 2019ರ ಜನವರಿಯಲ್ಲಿ ಬಂತು. ಉದ್ದ 3655 ಮಿ.ಮೀ., ಅಗಲ 1620 ಮಿ.ಮೀ., ಎತ್ತರ 1675 ಮಿ.ಮೀ. ಅಗಲಕ್ಕಿಂತ ಎತ್ತರ ಹೆಚ್ಚು! ಹಾಗಾಗಿ ಮೊಣಕಾಲು ನೋವಿನ ಅಜ್ಜ ಅಜ್ಜಿಯರಿಗೆ ಬಗ್ಗದೆ ಹತ್ತಿ ಇಳಿಯಲು ಸುಲಭ. ಅದೇ ಎತ್ತರದ ಕಾರಣಕ್ಕೆ ತಿರುವಿನಲ್ಲಿ ವೇಗವಾಗಿ ಹೋದರೆ ಮೈ ವಾಲುವುದೂ ಹೆಚ್ಚು. ತಗ್ಗಿನ ಕಾರಿನಿಂದ ಬದಲಾಯಿಸಿದವರು ಇದನ್ನು ಮೊದಲ ವಾರವೇ ಗಮನಿಸಬೇಕು. ಪೆಟ್ರೋಲ್ ಟ್ಯಾಂಕ್ 32 ಲೀಟರಿನದು. 998 ಸಿಸಿಯ ಎಂಜಿನಿಗೆ ಮೂರೇ ಸಿಲಿಂಡರ್, 1197 ಸಿಸಿಯದ್ದಕ್ಕೆ ನಾಲ್ಕು. ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲಿ ಸ್ವಲ್ಪ ನಡುಗುವುದು ಅದರ ಗುಣ, ದೋಷವಲ್ಲ. ಇದು ಗೊತ್ತಿಲ್ಲದೆ ಎರಡನೇ ದಿನವೇ ಗ್ಯಾರೇಜಿಗೆ ಓಡುವವರಿದ್ದಾರೆ.

ಇನ್ನೊಂದು ಗಾಬರಿಯ ಸಂಗತಿ: ಸಿಗ್ನಲಿನಲ್ಲಿ ನಿಂತು ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟೊಡನೆ ಎಂಜಿನ್ ತಾನಾಗಿ ನಿಲ್ಲುವುದು. 2022ರ ನಂತರದ ವ್ಯಾಗನ್ ಆರ್ ಸೇರಿದಂತೆ ಹಲವು ಹೊಸ ಕಾರುಗಳಲ್ಲಿ ಪೆಟ್ರೋಲ್ ಉಳಿಸಲು ಈ ವ್ಯವಸ್ಥೆ ಇದೆ. ಕ್ಲಚ್ ಒತ್ತಿದರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುತ್ತದೆ. ಬೇಡವೆನಿಸಿದರೆ ನಿಲ್ಲಿಸಲು ಒಂದು ಸ್ವಿಚ್ ಇರುತ್ತದೆ. ಅದು ಎಲ್ಲಿದೆ ಎನ್ನುವುದು ಆ ಪುಸ್ತಕದಲ್ಲೇ ಇದೆ.

ಮೊದಲು ಕುಳಿತುಕೊಳ್ಳುವ ಪಾಠ

ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕಾರು ಓಡಿಸುವುದಾದರೆ ಪ್ರತಿ ಸಲವೂ ಸೀಟು ಮತ್ತು ಮೂರು ಕನ್ನಡಿ ಸರಿಮಾಡಿಕೊಳ್ಳುವುದೇ ಮೊದಲ ಕೆಲಸ. ಕ್ಲಚ್ ಪೂರ್ತಿ ಒತ್ತಿದಾಗ ಮೊಣಕಾಲು ಸ್ವಲ್ಪ ಬಗ್ಗಿರಬೇಕು. ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ಜಾಸ್ತಿ ಅಂತರ ಇರಬೇಕು. ಯಾಕೆಂದರೆ ಆ ಸ್ಟೀರಿಂಗಿನೊಳಗೆ ಏರ್‌ಬ್ಯಾಗ್ ಇದೆ. ಅಪಘಾತವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಸಿಡಿದು ಉಬ್ಬುತ್ತದೆ. ತೀರಾ ಹತ್ತಿರ ಕುಳಿತವರಿಗೆ ಅದರ ಏಟೇ ಜೋರು.

ಚಾಲಕನ ಬದಿಯ ಏರ್‌ಬ್ಯಾಗ್ 2019ರ ಜುಲೈಯಿಂದ ಕಡ್ಡಾಯವಾಯಿತು. ಪಕ್ಕದ ಸೀಟಿನದ್ದು 2021ರಲ್ಲಿ ಹೊಸ ಮಾದರಿಗಳಿಗೆ, ಆ ವರ್ಷದ ಕೊನೆಯೊಳಗೆ ಹಳೆಯ ಮಾದರಿಗಳಿಗೂ ಕಡ್ಡಾಯವಾಯಿತು. ವ್ಯಾಗನ್ ಆರಿನಂಥ ಕಾರುಗಳಿಗೆ 2025ರಲ್ಲಿ ಆರು ಏರ್‌ಬ್ಯಾಗ್ ಬಂದವು. ಇದರಿಂದ ಮೂರು ಅಭ್ಯಾಸ ಬದಲಾಗಬೇಕಿದೆ.

ಒಂದು, ಡ್ಯಾಶ್‌ಬೋರ್ಡಿನ ಮೇಲಿನ ದೇವರು. ಎಡಬದಿಯ ಏರ್‌ಬ್ಯಾಗ್ ಅಡಗಿರುವುದು ಆ ಡ್ಯಾಶ್‌ಬೋರ್ಡಿನ ಒಳಗೆ. ಅದರ ಮುಚ್ಚಳದ ಮೇಲೆ ಗಣಪತಿಯನ್ನೋ, ಮೊಬೈಲ್ ಸ್ಟ್ಯಾಂಡನ್ನೋ ಅಂಟಿಸಿದರೆ ಏರ್‌ಬ್ಯಾಗ್ ಸಿಡಿದಾಗ ಅದು ಕಲ್ಲಿನಂತೆ ಮುಖಕ್ಕೆ ಬಂದು ಬಡಿಯುತ್ತದೆ. ದೇವರು ಬೇಕೆನ್ನುವವರು ಆ ಮುಚ್ಚಳ ಬಿಟ್ಟು ಬೇರೆ ಜಾಗದಲ್ಲಿ ಸಣ್ಣ ಚಿತ್ರ ಅಂಟಿಸಬಹುದು. ಎರಡು, ದಪ್ಪ ಸೀಟ್ ಕವರ್. ಪಕ್ಕದ ಏರ್‌ಬ್ಯಾಗ್ ಸೀಟಿನ ಬದಿಯಿಂದಲೇ ಹೊರಬರುವುದರಿಂದ ಅಲ್ಲಿ ಹೊಲಿಗೆ ಬಿಚ್ಚಿಕೊಳ್ಳುವ ಕವರ್ ಮಾತ್ರ ಹಾಕಬೇಕು. ಮೂರು, ಮುಂದಿನ ಕಬ್ಬಿಣದ ಗಾರ್ಡ್. ಅದು ಡಿಕ್ಕಿಯ ಏಟನ್ನು ಬೇರೆ ದಾರಿಯಲ್ಲಿ ಒಯ್ಯುವುದರಿಂದ ಏರ್‌ಬ್ಯಾಗಿನ ಸೆನ್ಸರ್ ತಪ್ಪುವ ಸಾಧ್ಯತೆ ಇದೆ, ದಾರಿಹೋಕರಿಗೂ ಅಪಾಯ. ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು.

ಬೆಲ್ಟ್ ಹಾಕದಿದ್ದರೆ ಏರ್‌ಬ್ಯಾಗ್ ಇದ್ದೂ ಪ್ರಯೋಜನ ಕಡಿಮೆ. ಎರಡೂ ಜೋಡೆತ್ತಿನಂತೆ ಒಟ್ಟಿಗೆ ಕೆಲಸ ಮಾಡುತ್ತವೆ. ಹಿಂದಿನ ಸೀಟಿನವರಿಗೂ ಬೆಲ್ಟ್ ಕಾನೂನು ಪ್ರಕಾರ ಕಡ್ಡಾಯ. ತಪ್ಪಿದರೆ 1000 ರೂ. ದಂಡ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡಾಗ ಕುಳಿತಿದ್ದದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಕಾರು ದೊಡ್ಡದಾದರೂ ಸಣ್ಣದಾದರೂ ಈ ಲೆಕ್ಕ ಒಂದೇ. ಪುಟ್ಟ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದೆ ಕೂರುವ ಪದ್ಧತಿ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಪೂರ್ತಿ ನಿಲ್ಲಬೇಕು. ಮಕ್ಕಳ ಜಾಗ ಹಿಂದಿನ ಸೀಟು, ಪ್ರಾಯಕ್ಕೆ ತಕ್ಕ ಚೈಲ್ಡ್ ಸೀಟಿನಲ್ಲಿ. ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಒತ್ತಿದರೆ ಮಕ್ಕಳು ಒಳಗಿನಿಂದ ಬಾಗಿಲು ತೆರೆಯಲಾರರು.

ದೀಪಗಳ ಭಾಷೆ

ಕಾರು ಮಾತಾಡುವುದು ಮೀಟರಿನ ಬಳಿಯ ಸಣ್ಣ ದೀಪಗಳ ಮೂಲಕ. ಕನ್ನಡ, ಮಲಯಾಳ, ತುಳು ಯಾವುದರ ಹಂಗೂ ಇಲ್ಲದ ಭಾಷೆ ಅದು. ಬಣ್ಣ ನೆನಪಿಟ್ಟರೆ ಅರ್ಧ ಕಲಿತಂತೆ. ಹಸಿರು, ನೀಲಿ ಎಂದರೆ ಯಾವುದೋ ಒಂದು ಕೆಲಸ ನಡೆಯುತ್ತಿದೆ. ಹಳದಿ ಎಂದರೆ ಬೇಗನೆ ತೋರಿಸಿ. ಕೆಂಪು ಎಂದರೆ ಈಗಲೇ ಗಮನಿಸಿ. ಕೀ ತಿರುಗಿಸಿದಾಗ ಎಲ್ಲ ಉರಿದು, ಸ್ಟಾರ್ಟ್ ಆದ ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಆರದೆ ಉಳಿದದ್ದೇ ದೂರು.

ಎಣ್ಣೆ ಪಾತ್ರೆಯ ಗುರುತು ಕೆಂಪಾಗಿ ಉರಿದರೆ ಎಂಜಿನ್ ಆಯಿಲಿನ ಒತ್ತಡ ಇಲ್ಲವೆಂದು ಅರ್ಥ. "ಮನೆ ಹತ್ತಿರವೇ ಉಂಟು" ಎಂದು ಓಡಿಸಬಾರದು. ಕೆಲವೇ ನಿಮಿಷದಲ್ಲಿ ಎಂಜಿನ್ ಹಾಳಾಗುತ್ತದೆ. ಬದಿಗೆ ನಿಲ್ಲಿಸಿ ಕೂಡಲೇ ಆಫ್ ಮಾಡಬೇಕು. ಥರ್ಮಾಮೀಟರಿನ ಗುರುತು ಕೆಂಪಾದರೆ ಎಂಜಿನ್ ಕಾದಿದೆ. ನಿಲ್ಲಿಸಿ ತಣಿಯಲು ಬಿಡಬೇಕು. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳ ಬಿಚ್ಚಿದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ಕೆಂಪು ಗುರುತು ಓಡುವಾಗ ಬಂದರೆ ಚಾರ್ಜ್ ಆಗುತ್ತಿಲ್ಲ. ಬ್ರೇಕಿನ ಕೆಂಪು ಗುರುತು ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಉಳಿದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು, ಹಾಗೆ ಓಡಿಸುವಂತಿಲ್ಲ.

ಎಂಜಿನ್ ಆಕಾರದ ಹಳದಿ ದೀಪ ನಿಂತು ಉರಿದರೆ ನಿಧಾನವಾಗಿ ಸರ್ವೀಸ್ ಕೇಂದ್ರಕ್ಕೆ ಹೋಗಬಹುದು. ಎಬಿಎಸ್ ಎಂಬ ಹಳದಿ ದೀಪ ಉರಿದರೆ ಮಾಮೂಲಿ ಬ್ರೇಕ್ ಇರುತ್ತದೆ, ಚಕ್ರ ಜಾಮ್ ಆಗದಂತೆ ತಡೆಯುವ ಸಹಾಯ ಮಾತ್ರ ಇರುವುದಿಲ್ಲ. ವೇಗ 80 ಕಿ.ಮೀ. ದಾಟಿದಾಗ ಆಗಾಗ, 120 ದಾಟಿದಾಗ ಬಿಡದೆ ಬರುವ ಬೀಪ್ ಶಬ್ದ ಕಾಯಿಲೆಯಲ್ಲ. 2019ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ.

ಮೊದಲ ಸಾವಿರ ಕಿಲೋಮೀಟರ್

ಹೊಸ ಚಪ್ಪಲಿ ಕಾಲಿಗೆ ಹೊಂದಲು ಎರಡು ದಿನ ಬೇಕಾಗುವಂತೆ ಹೊಸ ಎಂಜಿನಿನ ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಲು ಸುಮಾರು ಸಾವಿರ ಕಿ.ಮೀ. ಬೇಕು. ಈ ಅವಧಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಬಾರದು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವುದೂ ಒಳ್ಳೆಯದಲ್ಲ. ಹೈವೇಯಲ್ಲಿ ಹೋಗುವಾಗ ನಡುನಡುವೆ ವೇಗ ಏರಿಸಿ ಇಳಿಸಬೇಕು. ಎತ್ತರದ ಗೇರಿನಲ್ಲಿ ನಿಧಾನ ಓಡಿಸಿ ಎಂಜಿನ್ ಒದ್ದಾಡುವಂತೆ ಮಾಡುವುದು ಅತಿವೇಗದಷ್ಟೇ ಕೆಟ್ಟದ್ದು. ಕಾರು ತಂದ ವಾರವೇ ಐದು ಜನ, ಮೇಲೊಂದು ಅಕ್ಕಿಮೂಟೆ ತುಂಬಿ ಮಡಿಕೇರಿಗೆ ಹೊರಡುವ ಉತ್ಸಾಹವನ್ನು ಸ್ವಲ್ಪ ಮುಂದೂಡುವುದು ಜಾಣತನ. ಹೊಸ ಟಯರು, ಹೊಸ ಬ್ರೇಕ್ ಪ್ಯಾಡುಗಳೂ ಮೊದಲ ಕೆಲವು ನೂರು ಕಿ.ಮೀ. ಪೂರ್ತಿ ಹಿಡಿತ ಕೊಡುವುದಿಲ್ಲ. ಆದ್ದರಿಂದ ಮುಂದಿನ ವಾಹನದಿಂದ ಹೆಚ್ಚು ಅಂತರ ಇರಲಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿ ಬಿಸಿಮಾಡುವ ಪದ್ಧತಿ ಕಾರ್ಬ್ಯುರೇಟರಿನ ಕಾಲದ್ದು. ಈಗಿನ ಎಂಜಿನಿಗೆ ಅರ್ಧ ನಿಮಿಷ ಸಾಕು. ನಂತರ ಮೊದಲ ಒಂದೆರಡು ಕಿ.ಮೀ. ಮೆಲ್ಲನೆ ಓಡಿಸಿದರೆ ತಾನಾಗಿ ಬಿಸಿಯಾಗುತ್ತದೆ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಒತ್ತುವುದೂ ಬೇಡ. ಎಷ್ಟು ಪೆಟ್ರೋಲ್ ಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಮಾರುತಿಯಲ್ಲಿ ಮೊದಲ ಫ್ರೀ ಸರ್ವೀಸ್ 1000 ಕಿ.ಮೀ. ಅಥವಾ ಒಂದು ತಿಂಗಳು, ಎರಡನೆಯದ್ದು 5000 ಕಿ.ಮೀ. ಅಥವಾ ಆರು ತಿಂಗಳು, ಮೂರನೆಯದ್ದು 10,000 ಕಿ.ಮೀ. ಅಥವಾ ಒಂದು ವರ್ಷ. ಯಾವುದು ಮೊದಲೋ ಅದು ಲೆಕ್ಕ. "ಕಾರು ಓಡಿಯೇ ಇಲ್ಲ, ಸರ್ವೀಸ್ ಯಾಕೆ?" ಎಂದು ಬಿಟ್ಟರೆ ವಾರಂಟಿಗೆ ತೊಂದರೆ. ಫ್ರೀ ಎಂದರೆ ಕೆಲಸದ ಕೂಲಿ ಫ್ರೀ ಅಷ್ಟೇ, ಹಾಕಿದ ಆಯಿಲ್, ಫಿಲ್ಟರಿಗೆ ಹಣ ಕೊಡಬೇಕು. 2024ರ ಜುಲೈಯಿಂದ ಮಾರುತಿಯ ಮಾಮೂಲಿ ವಾರಂಟಿ 3 ವರ್ಷ ಅಥವಾ ಒಂದು ಲಕ್ಷ ಕಿ.ಮೀ. ಆಗಿದೆ. ಹೊರಗಿನ ಅಂಗಡಿಯಲ್ಲಿ ವಯರ್ ಕತ್ತರಿಸಿ ಹಾರ್ನ್, ಲೈಟು, ಸ್ಟೀರಿಯೊ ಹಾಕಿಸಿದರೆ ಆ ವಿದ್ಯುತ್ ಭಾಗಗಳ ವಾರಂಟಿ ಕೈತಪ್ಪಬಹುದು.

ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಬೇಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಸಂಪಾಜೆ, ಚಾರ್ಮಾಡಿ, ಪಾಣತ್ತೂರಿನಿಂದ ಭಾಗಮಂಡಲ, ಎಲ್ಲ ಕಡೆಯೂ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿಯೋ, ಎಂಜಿನ್ ಆಫ್ ಮಾಡಿಯೋ ಬರುವ ಅಭ್ಯಾಸ ಹಲವರಿಗಿದೆ. ಹಳೆಯ ಜೀಪಿನಲ್ಲಿ ಬಚಾವಾದವರು ಹೊಸ ಕಾರಿನಲ್ಲೂ ಅದನ್ನೇ ಮಾಡುತ್ತಾರೆ.

ಹೊಸ ಕಾರಿನ ಬ್ರೇಕಿಗೆ ಎಂಜಿನಿನ ಸಹಾಯ ಇದೆ. ಎಂಜಿನ್ ಓಡುತ್ತಿರುವಾಗ ಉಂಟಾಗುವ ನಿರ್ವಾತ ಶಕ್ತಿ ಪೆಡಲಿನ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಎಂಜಿನ್ ನಿಂತರೆ ಒಂದೆರಡು ಬಾರಿ ಬ್ರೇಕ್ ಒತ್ತುವಷ್ಟರಲ್ಲಿ ಆ ಸಹಾಯ ಮುಗಿಯುತ್ತದೆ. ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗಿನ ಸಹಾಯವೂ ಹೋಗಿ ತಿರುಗಿಸಲು ಭಾರವಾಗುತ್ತದೆ. ಕೀ ತೆಗೆದರಂತೂ ಸ್ಟೀರಿಂಗ್ ಲಾಕೇ ಆಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಇದೆಲ್ಲ ಒಟ್ಟಿಗೆ ಆದರೆ ಏನಾಗಬಹುದು ಎಂದು ವಿವರಿಸಬೇಕಿಲ್ಲ.

ಇದನ್ನು ಮನೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ. ಪೆಡಲ್ ಗಟ್ಟಿಯಾಗುತ್ತದೆ. ಅದನ್ನು ಒತ್ತಿಹಿಡಿದೇ ಸ್ಟಾರ್ಟ್ ಮಾಡಿದರೆ ಪೆಡಲ್ ಮೆಲ್ಲನೆ ಕೆಳಗಿಳಿಯುತ್ತದೆ. ಬ್ರೇಕಿನ ಸಹಾಯಕ ವ್ಯವಸ್ಥೆ ಸರಿ ಇದೆ ಎಂಬುದಕ್ಕೂ ಇದೇ ಪುರಾವೆ. ಮನೆಯಲ್ಲಿ ಕಾರು ಓಡಿಸುವ ಎಲ್ಲರೂ ಒಮ್ಮೆ ಮಾಡಿ ನೋಡಬೇಕಾದ ಪರೀಕ್ಷೆ ಇದು.

ನ್ಯೂಟ್ರಲಿನಲ್ಲಿ ಪೆಟ್ರೋಲಾದರೂ ಉಳಿಯುತ್ತದೆಯೆ? ಅದೂ ಇಲ್ಲ. ಈಗಿನ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಸರಬರಾಜನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನೇ ಓಡಬೇಕಾದ್ದರಿಂದ ಪೆಟ್ರೋಲ್ ಬೇಕೇ ಬೇಕು. ಅಂದರೆ ಗೇರಿನಲ್ಲಿ ಇಳಿದರೆ ಖರ್ಚೂ ಕಡಿಮೆ, ವೇಗಕ್ಕೂ ಕಡಿವಾಣ. ಹತ್ತಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು ಎಂಬುದು ಘಾಟಿಯ ಹಳೆಯ ನಿಯಮ. ಇದು ಇಂದಿಗೂ ಸರಿ. ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಬೇಕು. ಚಕ್ರಕ್ಕೆ ನೀರು ಸುರಿಯಬಾರದು.

ಮಳೆಗಾಲಕ್ಕೆ ಸಿದ್ಧತೆ

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಜಿಲ್ಲೆ ನಮ್ಮದು. ಹೊಸ ಕಾರಿನ ನಿಜವಾದ ಪರೀಕ್ಷೆ ಜೂನ್‌ನಲ್ಲಿ. ಹಳೆಯ ಕಾರಿನಲ್ಲಿ ಜಾರುವ ರಸ್ತೆಯಲ್ಲಿ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸಬೇಕಿತ್ತು. ಎಬಿಎಸ್ ಇರುವ ಕಾರಿನಲ್ಲಿ ಆ ಕೆಲಸವನ್ನು ಯಂತ್ರವೇ ಮಾಡುತ್ತದೆ. ತುರ್ತಿನಲ್ಲಿ ಜೋರಾಗಿ ಒತ್ತಿ ಹಾಗೆಯೇ ಹಿಡಿಯಬೇಕು, ಸ್ಟೀರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಬೇಕು. ಆಗ ಪೆಡಲ್ ಕಾಲಿನಡಿ ಟರ್ ಟರ್ ಎಂದು ನಡುಗುತ್ತದೆ. ಹೆದರಿ ಕಾಲು ತೆಗೆಯುವುದೇ ಹೊಸಬರ ತಪ್ಪು. ಆದರೆ ಜಲ್ಲಿ, ಕೆಸರಿನಲ್ಲಿ ಎಬಿಎಸ್ ಇದ್ದರೂ ಕಾರು ಬೇಗ ನಿಲ್ಲುವುದಿಲ್ಲ; ವೇಗ ಕಡಿಮೆ ಮಾಡುವುದೊಂದೇ ದಾರಿ.

ಗಾಜಿಗೆ ಮಂಜು ಹಿಡಿದಾಗ ಬಟ್ಟೆಯಿಂದ ಒರೆಸುವ ಬದಲು ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಬೇಕು. ಎಸಿ ಗಾಳಿಯ ತೇವ ಹೀರಿಕೊಳ್ಳುವುದರಿಂದ ಸ್ವಲ್ಪ ಹೊತ್ತಿನಲ್ಲಿ ಗಾಜು ತಿಳಿಯಾಗುತ್ತದೆ.

ತೋಡು ಉಕ್ಕಿ ರಸ್ತೆಯ ಮೇಲೆ ಹರಿಯುವಾಗ ಸಣ್ಣ ಕಾರನ್ನು ಇಳಿಸಲೇಬಾರದು. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ ನೀರು ಹೊಕ್ಕರೆ ಎಂಜಿನ್ ನಿಲ್ಲುತ್ತದೆ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದು. ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಒಳಗಿನ ರಾಡು ಬಗ್ಗಿ ಎಂಜಿನ್ನೇ ಹೋಗುತ್ತದೆ. ಮಾಮೂಲಿ ವಿಮೆಯಲ್ಲಿ ಇಂಥ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ. ಅದಕ್ಕೆ ಬೇರೆಯೇ ಎಂಜಿನ್ ರಕ್ಷಣೆಯ ಸೇರ್ಪಡೆ ಬೇಕು. ನೀರಿನಲ್ಲಿ ನಿಂತ ಕಾರನ್ನು ತಳ್ಳಿ ಹೊರತಂದು ಮೆಕ್ಯಾನಿಕ್‌ನನ್ನು ಕರೆಯುವುದೇ ಲಾಭ.

ಅಡಿಕೆ ಕೊಟ್ಟಿಗೆಯ ಪಕ್ಕ, ಹುಲ್ಲಿನ ರಾಶಿಯ ಬಳಿ ಕಾರು ನಿಲ್ಲಿಸುವವರಿಗೆ ಇಲಿಗಳ ಕಾಟ ಬೇರೆ. ಬಿಸಿ ಎಂಜಿನಿನ ಮೇಲೆ ಬಂದು ಮಲಗಿ ವಯರ್ ಕಡಿಯುತ್ತವೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವ ಅಭ್ಯಾಸ ಇದ್ದರೆ ಆಯಿಲ್, ಕೂಲಂಟ್, ವೈಪರ್ ನೀರಿನ ಮಟ್ಟದ ಜೊತೆ ಇಲಿಯ ಗೂಡೂ ಕಣ್ಣಿಗೆ ಬೀಳುತ್ತದೆ. ಮಗ ಗಲ್ಫಿಗೆ ಹಿಂತಿರುಗಿದ ಮೇಲೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಬ್ಯಾಟರಿ ಇಳಿಯುವುದು ಸಹಜ. ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿ.ಮೀ. ಓಡಿಸಿದರೆ ಬ್ಯಾಟರಿ, ಟಯರು, ಬ್ರೇಕು ಮೂರೂ ಆರೋಗ್ಯವಾಗಿರುತ್ತವೆ.

ಟಯರು ಮತ್ತು ಪೆಟ್ರೋಲ್

ಪಂಪಿನಲ್ಲಿ "ಕಾಟ್ಟ್ ಎತ್ರ?" ಎಂದು ಕೇಳಿದಾಗ "ನಿಮಗೆ ಗೊತ್ತುಂಟಲ್ಲ" ಎನ್ನುವುದು ಸರಿಯಾದ ಉತ್ತರವಲ್ಲ. ಎಷ್ಟು ಗಾಳಿ ಬೇಕೆಂದು ಹೇಳುವ ಸ್ಟಿಕ್ಕರ್ ಚಾಲಕನ ಬಾಗಿಲು ತೆಗೆದಲ್ಲಿ ಇರುತ್ತದೆ. ಇಬ್ಬರೇ ಇದ್ದಾಗ ಎಷ್ಟು, ತುಂಬಿದಾಗ ಎಷ್ಟು ಎಂದು ಅದರಲ್ಲಿ ನೋಡಬೇಕು. ಟಯರಿನ ಮೈಮೇಲೆ ಬರೆದ ಒತ್ತಡ ಅದು ತಾಳುವ ಗರಿಷ್ಠ ಮಟ್ಟ, ಹಾಕಬೇಕಾದದ್ದಲ್ಲ. ಟಯರು ತಣ್ಣಗಿರುವಾಗ, ಅಂದರೆ ಹೆಚ್ಚು ಓಡುವ ಮೊದಲು ಗಾಳಿ ನೋಡಿಸಬೇಕು. ಹದಿನೈದು ದಿನಕ್ಕೊಮ್ಮೆ ಸಾಕು, ಸ್ಟೆಪ್ನಿ ಮರೆಯಬಾರದು. ಟಯರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಇದೆ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಕಾರಿಗೆ ಹಳೆಯ ಟಯರು ಬಂದಿದೆಯೇ ಎಂದು ಇದರಿಂದಲೇ ತಿಳಿಯುತ್ತದೆ.

ಚಕ್ರ ಬದಲಿಸುವುದನ್ನು ಬಿಸಿಲಿರುವ ಒಂದು ಭಾನುವಾರ ಮನೆಯಂಗಳದಲ್ಲೇ ಕಲಿಯಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟು, ಎತ್ತುವ ಮೊದಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಬೇಕು. ಜ್ಯಾಕ್ ಇಡಲು ಕಾರಿನಡಿ ಗುರುತು ಮಾಡಿದ ಜಾಗವೇ ಬೇರೆ ಇದೆ. ಬಿಗಿಯುವಾಗ ಒಂದರ ನಂತರ ಎದುರಿನದ್ದು ಬಿಗಿಯಬೇಕು. ಜ್ಯಾಕ್ ಮೇಲಿರುವ ಕಾರಿನಡಿ ಯಾರೂ ನುಸುಳಬಾರದು.

ಈಗ ಪಂಪುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹೊಸ ಕಾರುಗಳು ಇದಕ್ಕೆ ಹೊಂದುವಂತೆ ತಯಾರಾಗಿವೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. 998 ಸಿಸಿ ವ್ಯಾಗನ್ ಆರ್ ಮ್ಯಾನುವಲಿಗೆ ಕಂಪನಿ ಹೇಳಿದ್ದು ಲೀಟರಿಗೆ 24.35 ಕಿ.ಮೀ. ಅದು ಪ್ರಯೋಗಶಾಲೆಯ ಲೆಕ್ಕ, ಬದಿಯಡ್ಕದ ಏರುತಗ್ಗಿನ ಲೆಕ್ಕವಲ್ಲ. ನಿಜ ತಿಳಿಯಬೇಕಾದರೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ಮತ್ತೆ ತುಂಬಿಸಿದಾಗ ಓಡಿದ ಕಿ.ಮೀ.ಯನ್ನು ಹಾಕಿದ ಲೀಟರಿನಿಂದ ಭಾಗಿಸಬೇಕು. ಕಾರಿನ ಸರಿಯಾದ ಮೈಲೇಜ್ ತಿಳಿದಿದ್ದರೆ ಅದು ಒಮ್ಮೆಲೇ ಇಳಿದಾಗ ಏನೋ ದೋಷವಿದೆ ಎಂದೂ ತಿಳಿಯುತ್ತದೆ.

ಗಡಿಯವರ ಕಾಗದಪತ್ರ

ಗಡಿಯಲ್ಲಿರುವವರಿಗೆ ಶೋರೂಂ ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ ಇರುವುದು ಮಾಮೂಲು. ಮಂಗಳೂರಿನಲ್ಲಿ ಕಾರು ಕೊಂಡರೂ ಕಾರು ಇರುವುದು ಮಂಜೇಶ್ವರದ ಮನೆಯಲ್ಲಾದರೆ ನೋಂದಣಿ ಕೇರಳದಲ್ಲಿ ಆಗಬೇಕು. ಮೋಟಾರು ವಾಹನ ಕಾಯ್ದೆಯ 40ನೇ ಕಲಮಿನ ಪ್ರಕಾರ ಮಾಲಕನ ವಾಸ ಅಥವಾ ವ್ಯವಹಾರ ಇರುವ, ವಾಹನ ಸಾಮಾನ್ಯವಾಗಿ ಇರುವ ರಾಜ್ಯದಲ್ಲೇ ನೋಂದಣಿ. ತಾತ್ಕಾಲಿಕ ನಂಬರಿನಲ್ಲಿ ತಂದವರು ಅದರ ಅವಧಿ ಮುಗಿಯುವ ಮೊದಲೇ ಖಾಯಂ ನೋಂದಣಿ ಮುಗಿಸಬೇಕು. ಕರ್ನಾಟಕದ ನಂಬರಿನ ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಕೇರಳದಲ್ಲೇ ಇಟ್ಟುಕೊಂಡರೆ 47ನೇ ಕಲಮಿನಂತೆ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಅದಕ್ಕೆ ಹಳೆಯ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ನೆಂಟರ ವಿಳಾಸದಲ್ಲಿ ನೋಂದಣಿ ಮಾಡಿಸಿ ತೆರಿಗೆ ಉಳಿಸಿದೆವೆಂದು ಸಂತೋಷಪಟ್ಟವರು ಅಪಘಾತದ ನಂತರ ವಿಮೆಯ ಕಾಗದ ಹಿಡಿದು ಅಲೆದಾಡುವ ಪರಿಸ್ಥಿತಿ ಬರಬಾರದು.

ವಿಮೆಯಲ್ಲಿ ಇನ್ನೊಂದು ತಪ್ಪು ತಿಳುವಳಿಕೆ ಸಾಮಾನ್ಯ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ವಿಮೆ ಒಟ್ಟಿಗೇ ಮಾಡಿಸಬೇಕು. ಆದರೆ ಆ ಮೂರು ವರ್ಷ ಥರ್ಡ್ ಪಾರ್ಟಿಗೆ, ಅಂದರೆ ಬೇರೆಯವರಿಗೆ ಆದ ನಷ್ಟಕ್ಕೆ. ಸ್ವಂತ ಕಾರಿನ ನಷ್ಟದ ವಿಮೆ ಹೆಚ್ಚಾಗಿ ಒಂದೇ ವರ್ಷದ್ದು. "ಮೂರು ವರ್ಷ ಉಂಟು" ಎಂದು ನಂಬಿ ಎರಡನೇ ವರ್ಷ ನವೀಕರಿಸದಿದ್ದರೆ ಮರ ಬಿದ್ದು ಜಜ್ಜಿಹೋದ ಕಾರಿಗೆ ಪೈಸೆಯೂ ಸಿಗದು. ಎರಡು ದಿನಾಂಕವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳಿತು. ಹೊಗೆ ತಪಾಸಣೆಯ ಪತ್ರ ನೋಂದಣಿಯಾಗಿ ಒಂದು ವರ್ಷದ ನಂತರ ಬೇಕಾಗುತ್ತದೆ. ಆರ್‌ಸಿ, ಲೈಸನ್ಸ್, ವಿಮೆಗಳನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೂ ಎರಡೂ ರಾಜ್ಯಗಳಲ್ಲಿ ಮಾನ್ಯ. ಫಾಸ್ಟ್ಯಾಗಿನಲ್ಲಿ ಹಣ ಇದೆಯೇ ಎಂದು ತಲಪಾಡಿ ಟೋಲಿಗೆ ಹೋಗುವ ಮೊದಲೇ ನೋಡಿಕೊಳ್ಳಬೇಕು.

ಪುಸ್ತಕ ಓದುವ ಬಗೆ

ಮುನ್ನೂರು ಚಿಲ್ಲರೆ ಪುಟದ ಇಂಗ್ಲಿಷ್ ಪುಸ್ತಕ ಒಂದೇ ದಿನ ಓದಿ ಮುಗಿಸಬೇಕೆಂದಿಲ್ಲ. ಹೈಸ್ಕೂಲಿಗೆ ಹೋಗುವ ಮಗಳೋ ಮೊಮ್ಮಗನೋ ಇದ್ದರೆ ಜಗಲಿಯಲ್ಲಿ ಕೂತು ದಿನಕ್ಕೆ ಎರಡು ಪುಟ ಓದಿ ಹೇಳಲಿ. ಮೊದಲು ದೀಪಗಳ ಪುಟ, ನಂತರ ಟಯರು ಬದಲಿಸುವ ಪುಟ, ಆಮೇಲೆ ಫ್ಯೂಸಿನ ಪುಟ, ಕೊನೆಗೆ ಸರ್ವೀಸಿನ ಪಟ್ಟಿ. ಮುಖ್ಯವಾದದ್ದನ್ನು ಕನ್ನಡದಲ್ಲೋ ಮಲಯಾಳದಲ್ಲೋ ಒಂದು ಹಾಳೆಯಲ್ಲಿ ಬರೆದು ಅದೇ ಪೆಟ್ಟಿಗೆಯಲ್ಲಿ ಇಟ್ಟರೆ ಮನೆಯ ಬೇರೆಯವರು ಕಾರು ಒಯ್ದ ದಿನವೂ ಉಪಯೋಗಕ್ಕೆ ಬರುತ್ತದೆ. ಹಾಳೆಯ ಮೊದಲ ಸಾಲಿನಲ್ಲಿ ಕೆಂಪು ದೀಪ ಕಂಡರೆ ನಿಲ್ಲಿಸಿ ಎಂದಿರಲಿ. ಎರಡನೆಯದರಲ್ಲಿ ಇಳಿಜಾರಿನಲ್ಲಿ ಗೇರು ಬಿಡಬೇಡಿ ಎಂದಿರಲಿ. ಮೂರನೆಯದರಲ್ಲಿ ವಿಮೆ ಕಂಪನಿಯ ಮತ್ತು ದಾರಿಯಲ್ಲಿ ಸಹಾಯಕ್ಕೆ ಬರುವವರ ಫೋನ್ ನಂಬರ್ ಇರಲಿ. ಕೊಂಡು ತಂದವರಿಗೆ ಮಾತ್ರವಲ್ಲ, ಅದರಲ್ಲಿ ಕುಳಿತು ಮದುವೆಗೆ, ಆಸ್ಪತ್ರೆಗೆ, ಜಾತ್ರೆಗೆ ಹೋಗುವ ಎಲ್ಲರಿಗೂ ಆ ಒಂದು ಹಾಳೆಯ ಪ್ರಯೋಜನವಿದೆ.